ರಾಜನಿಗೆ ಹೆಸರಿಲ್ಲದ ಕಥೆ

ಹೆರಿಗೆ ನೋವು ಶುರುವಾಗಿದ್ದ ಒಬ್ಬ ಹೆಂಗಸನ್ನು ನಾನು ಆಸ್ಪತ್ರೆಯ ಮೆಟ್ಟಿಲಿನಿಂದಲೇ ಹಿಂದೆ ಕಳಿಸಿದ್ದೇನೆ. ಮುಂದೆ ಜೀವಮಾನವಿಡೀ ಸರ್ಕಾರಿ ದಾದಿಯಾಗಿ ಹೆರಿಗೆ ಮಾಡಿಸಿದೆ. ಪೇಟೆಯಲ್ಲಿ ಸಿಕ್ಕವರು ಈಗಲೂ ನಿಲ್ಲಿಸಿ, "ಇವನನ್ನು ಹಿಡಿದದ್ದು ನೀವೇ" ಎಂದು ಮೀಸೆ ಬಂದ ಗಂಡಸರನ್ನು ತೋರಿಸುತ್ತಾರೆ. ಆಗ ಸಂತೋಷವಾಗುತ್ತದೆ. ಆದರೆ ಆ ಮೆಟ್ಟಿಲಿನ ವಿಷಯ ಮುಚ್ಚಿಟ್ಟು ಉಳಿದದ್ದನ್ನು ಮಾತ್ರ ಹೇಳಿದರೆ, ಆಮೇಲೆ ನಾನು ಕಂಡ ದೊಡ್ಡ ಸಂಗತಿ ಎಷ್ಟು ದೊಡ್ಡದೆಂದು ಯಾರಿಗೂ ತಿಳಿಯಲಾರದು.

ಅದು ತುರ್ತುಪರಿಸ್ಥಿತಿಯ ಕಾಲ. ನನಗೆ ಇಪ್ಪತ್ತೆರಡು ವರ್ಷ. ತರಬೇತಿ ಮುಗಿಸಿ ಪುತ್ತೂರು ತಾಲೂಕಿನ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ಸೇರಿದ್ದೆ. ಕೆದಂಬಾಡಿಯ ನಮ್ಮ ಮನೆಯಿಂದ ಅಲ್ಲಿಗೆ ನೇರ ಬಸ್ಸಿರಲಿಲ್ಲ. ಹಾಗಾಗಿ ಕಬಕದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಆ ಮನೆಯ ಮುಂದಿನ ಭಾಗದಲ್ಲಿ ರೈಲ್ವೆಯ ಒಬ್ಬ ಮೇಸ್ತ್ರಿ ಮತ್ತು ಅವರ ಹೆಂಡತಿ ಇದ್ದರು. ಮಂಗಳೂರಿನಿಂದ ಹಾಸನದ ಕಡೆಗೆ ಹೊಸ ಹಳಿ ಬೀಳುತ್ತಿದ್ದ ಕಾಲ. ಎಲ್ಲಿ ನೋಡಿದರೂ ಗುಡ್ಡ ಕಡಿದ ಕೆಂಪು ಮಣ್ಣು, ಜಲ್ಲಿ ಲಾರಿ. ಸೇತುವೆ ಕೆಲಸ ನೋಡಿಕೊಳ್ಳುವ ಆ ಮೇಸ್ತ್ರಿ ವಾರವಿಡೀ ಕಡಬದ ಆಚೆಯ ಕ್ಯಾಂಪಿನಲ್ಲಿದ್ದು, ಶುಕ್ರವಾರ ಸಂಜೆಯೊಳಗೆ ಮನೆಗೆ ಬರುತ್ತಿದ್ದರು.

ಹೆಂಡತಿಗೆ ಐವತ್ತು ದಾಟಿತ್ತು. ಕುಳ್ಳಗೆ, ದಪ್ಪಗೆ, ತಲೆಯ ಮೇಲೆ ಸದಾ ಸೆರಗು. ಹುಬ್ಬಳ್ಳಿಯ ರೈಲ್ವೆ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ್ದ ದಾದಿ ಅವರು. ಬೆನ್ನುನೋವೆಂದು ಕೆಲಸ ಬಿಟ್ಟು ಗಂಡನ ಜೊತೆ ನಮ್ಮ ಕಡೆಗೆ ಬಂದಿದ್ದರು. ಮನೆಮಾತು ಮರಾಠಿ. ಕನ್ನಡ ಮಾತ್ರ ಅಪ್ಪಟ ಹುಬ್ಬಳ್ಳಿಯದು. ಮೊದಲ ದಿನ ನಾನು "ಎಂತ ಅಮ್ಮ?" ಎಂದರೆ ಅವರಿಗೆ ನಗು, ಅವರು "ಏನ್ ಬೇ?" ಎಂದರೆ ನನಗೆ ಗಾಬರಿ. ತಮ್ಮನ್ನು 'ಆಯಿ' ಎಂದು ಕರೆಯಲು ಅವರೇ ಹೇಳಿದರು.

ಅಕ್ಕಪಕ್ಕದವರಿಗೆ ಇವರು ಯಾರೆಂದು ತಿಳಿಯದೆ ನಿದ್ದೆ ಬರುತ್ತಿರಲಿಲ್ಲ. ದಾದಿ ಎಂದಮೇಲೆ ಕ್ರಿಶ್ಚಿಯನ್ನರಿರಬೇಕು ಎಂದರು ಕೆಲವರು. ಹಂದಿ ಮಾಂಸ ಮುಟ್ಟುವುದಿಲ್ಲ, ತಲೆಯ ಮೇಲೆ ಸೆರಗು, ಹಾಗಾದರೆ ಬ್ಯಾರಿ ಮುಸ್ಲಿಮರೇ ಎಂದರು ಇನ್ನು ಕೆಲವರು. ಶುಕ್ರವಾರ ಮುಸ್ಸಂಜೆ ದೀಪ ಹಚ್ಚುವುದನ್ನು ಕಂಡು, "ಅಲ್ಲ ಮಾರಾಯ್ರೆ, ಲಕ್ಷ್ಮಿಗೆ ದೀಪ ಇಡ್ತಾರೆ, ನಮ್ಮವರೇ" ಎಂದು ಎದುರುಮನೆಯ ಅಜ್ಜಿ ತೀರ್ಮಾನ ಕೊಟ್ಟರು. ಆಯಿ ಎಲ್ಲರಿಗೂ ಒಂದೇ ಉತ್ತರ ಹೇಳುತ್ತಿದ್ದರು. "ನಾವು ಯೆಹೂದಿ ಮಂದಿ ಬೇ. ಕೊಂಕಣದಾಗ ನಮ್ಮ ಹಿರ್ಯಾರು ಗಾಣ ಹಾಕಿ ಎಣ್ಣಿ ತೆಗೀತಿದ್ರು. ಶನಿವಾರ ಗಾಣ ನಿಲ್ಲಸ್ತಿದ್ರು. ಅದಕ್ಕ ನಮಗ ಶನಿವಾರದ ಎಣ್ಣಿಯವರು ಅಂತಿದ್ರು."

ಅವರ ಶನಿವಾರ ನನಗೆ ದೊಡ್ಡ ಸೋಜಿಗ. ಶುಕ್ರವಾರ ಸೂರ್ಯ ಮುಳುಗುವ ಮೊದಲು ಅಡಿಗೆ ಮುಗಿಯುತ್ತಿತ್ತು. ಗಾಜಿನ ಲೋಟದಲ್ಲಿ ಅರ್ಧ ನೀರು, ಮೇಲೆ ತೆಂಗಿನೆಣ್ಣೆ, ಅದರಲ್ಲಿ ಬತ್ತಿ. ದೀಪ ಹಚ್ಚಿ ಎರಡು ಕೈಗಳಿಂದ ಕಣ್ಣು ಮುಚ್ಚಿಕೊಂಡು ಏನೋ ಹೇಳುವರು. ಅಲ್ಲಿಂದ ಮರುದಿನ ನಕ್ಷತ್ರ ಮೂಡುವವರೆಗೆ ಒಲೆ ಉರಿಯುವುದಿಲ್ಲ, ಬಸ್ಸು ಹತ್ತುವುದಿಲ್ಲ, ಹೊಲಿಗೆಯಿಲ್ಲ, ಕೊಳ್ಳುವುದಿಲ್ಲ. ಬಾಗಿಲ ಚೌಕಟ್ಟಿಗೆ ಬೆರಳುದ್ದದ ಮರದ ಗೂಡೊಂದನ್ನು ಓರೆಯಾಗಿ ಹೊಡೆದಿದ್ದರು. ಒಳಗೆ ತೋರಾದ ಮಾತು ಬರೆದ ಸುರುಳಿ ಉಂಟೆಂದು ಹೇಳಿದ್ದರು. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಹೊಸ್ತಿಲು ತುಳಿಯಬಾರದೆಂದು ಕಲಿತು ಬೆಳೆದ ನನಗೆ ಅದು ಹೊಸತೆನಿಸಲಿಲ್ಲ.

ತೋರಾ ಎಂದರೆ ಅವರ ಧರ್ಮದ ಮೂಲ ಗ್ರಂಥ. ವಾರಕ್ಕೊಂದು ಭಾಗದಂತೆ ಓದಿ ವರ್ಷಕ್ಕೆ ಮುಗಿಸಿ ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ನಮ್ಮ ಊರಿನಲ್ಲಿ ಅವರಿಗೆ ಪ್ರಾರ್ಥನಾ ಮಂದಿರವೂ ಇಲ್ಲ, ಜೊತೆಗೆ ಓದುವ ಜನವೂ ಇಲ್ಲ. ಆ ಮೇಸ್ತ್ರಿ ಒಬ್ಬರೇ ಮೇಜಿನ ಮುಂದೆ ಕೂತು ರಾಗವಾಗಿ ಓದುತ್ತಿದ್ದರು. ಆಯಿ ಬಾಗಿಲಿಗೆ ಒರಗಿ ಕೇಳುತ್ತಿದ್ದರು.

ಜನವರಿಯಲ್ಲಿ ನಮ್ಮ ಕೇಂದ್ರಕ್ಕೆ ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಸಂತಾನಹರಣ ಶಸ್ತ್ರಚಿಕಿತ್ಸೆಯ 'ಕೇಸು' ಯಾರು ಎಷ್ಟು ತಂದಿರಿ ಎಂದು ಕೇಳಿದರು. ನಾನು ತಂದದ್ದು ಒಂದೂ ಇಲ್ಲ. "ಹಾಗಾದರೆ ನೀವು ಇಲ್ಲಿ ಎಂಥದಕ್ಕೆ ಇರುದು?" ಎಂದರು. ಇನ್ನು ಮುಂದೆ ಮೂರನೆಯ ಹೆರಿಗೆಗೆ ಬರುವವರು ಮೊದಲು ಆಪರೇಷನಿಗೆ ಒಪ್ಪಿ ಹೆಬ್ಬೆಟ್ಟು ಒತ್ತಬೇಕು, ಒತ್ತದಿದ್ದರೆ ಒಳಗೆ ಸೇರಿಸಬೇಡಿ, ತಪ್ಪಿದರೆ ಅಮಾನತು ಎಂದು ಹೇಳಿ ಜೀಪು ಹತ್ತಿ ಹೋದರು. ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು. ಜೀಪು ಹೋದಮೇಲೂ ಬಹಳ ಹೊತ್ತು ತಲೆ ಎತ್ತಲಿಲ್ಲ. ಮರುದಿನ ಗುಮಾಸ್ತ ಬಾಗಿಲ ಬಳಿ ಒಂದು ಸ್ಟೂಲು ಹಾಕಿ, ಅದರ ಮೇಲೆ ಫಾರಮು ಮತ್ತು ಶಾಯಿಯ ಡಬ್ಬಿ ಇಟ್ಟ.

ಆ ವಾರದ ಬುಧವಾರ ಮಧ್ಯಾಹ್ನ ಆಕೆ ಬಂದಳು. ರಸ್ತೆಯಿಂದ ಮೇಲೆ ಗುಡ್ಡದಲ್ಲಿ ಮನೆ, ಬೀಡಿ ಕಟ್ಟುವ ಹೆಂಗಸು, ಮೂರನೆಯ ಹೆರಿಗೆ. ಜೊತೆಗೆ ಅತ್ತೆ ಮಾತ್ರ. ಗಂಡ ಘಟ್ಟದ ಮೇಲೆ ಕೆಲಸಕ್ಕೆ ಹೋಗಿದ್ದ.

"ಅವರನ್ನು ಕೇಳದೆ ನಾನು ಹೇಗೆ ಒತ್ತುದು ಅಮ್ಮ?" ಎಂದಳು. ನೋವು ಬಂದಾಗ ಕಂಬ ಹಿಡಿದುಕೊಂಡಳು.

ಗುಮಾಸ್ತ ನನ್ನ ಮುಖ ನೋಡಿದ. ನಾನು, "ಇನ್ನೂ ಹೊತ್ತುಂಟು. ಪುತ್ತೂರಿನ ಆಸ್ಪತ್ರೆಗೆ ಹೋಗಿ. ಬಸ್ಸು ಸಿಗ್ತದೆ" ಎಂದೆ. ಅವಳ ಹೊಟ್ಟೆಯನ್ನು ಮುಟ್ಟಿ ನೋಡದೆ ಹೇಳಿದೆ. ಹೊತ್ತುಂಟೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮುಟ್ಟಿದರೆ ಕಳಿಸಲು ಆಗುವುದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಅವಳು ಕಂಬ ಬಿಟ್ಟು, ಅತ್ತೆಯ ಹೆಗಲು ಹಿಡಿದು ಮೆಟ್ಟಿಲಿಳಿದಳು.

ಶುಕ್ರವಾರ ಸಂಜೆ ಮನೆಗೆ ಹೋಗುವಾಗ ಬಸ್ಸಿನ ಕಂಡಕ್ಟರು ಟಿಕೆಟು ಹರಿಯುತ್ತಾ, "ನರ್ಸಮ್ಮ, ಮೊನ್ನೆ ನಿಮ್ಮಲ್ಲಿಂದ ವಾಪಸ್ ಬಂದ ಹೆಂಗಸು ಉಂಟಲ್ಲ, ಬಸ್ಸಿಗೆ ಕಾಯ್ತಾ ಅಲ್ಲೇ ಮೋರಿ ಹತ್ತಿರ ಹೆತ್ತಳಂತೆ. ಎಂತ ಅವಸ್ಥೆ ಮಾರಾಯ್ರೆ!" ಎಂದ. ಕಳಿಸಿದ್ದು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಕಬಕ ಬಂದದ್ದೂ ನನಗೆ ತಿಳಿಯಲಿಲ್ಲ, ಅವನೇ ಕೂಗಿ ಇಳಿಸಿದ.

ನಾನು ಒಳಗೆ ಬರುವಾಗ ಆಯಿ ಆಗಷ್ಟೇ ದೀಪ ಹಚ್ಚಿ ಕಣ್ಣಿನಿಂದ ಕೈ ತೆಗೆಯುತ್ತಿದ್ದರು. ನನ್ನನ್ನು ನೋಡಿದವರೇ, "ಯಾಕ ತಂಗಿ, ಮಾರಿ ಹಿಂಗ್ಯಾಕ ಸಣ್ಣದಾಗೈತಿ?" ಎಂದರು. ನಾನು ನೆಲದ ಮೇಲೆ ಕೂತು ಅತ್ತೆ. ಹೇಳಿದೆ, ಎಲ್ಲವನ್ನೂ. ಮುಟ್ಟಿ ನೋಡದೆ ಕಳಿಸಿದ್ದನ್ನೂ.

ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕಾಲು ಚಾಚಿ ಗೋಡೆಗೆ ಒರಗಿ ಕೂತರು. ಗಂಡ ಮೇಜಿನ ಬಳಿ ಪುಸ್ತಕ ಬಿಡಿಸುತ್ತಿದ್ದರು. ಅತ್ತ ಕೈ ತೋರಿಸಿ, "ಈ ವಾರ ಅವರು ಓದೂ ಪಾಠದಾಗ ಒಂದು ಕಥಿ ಬರ್ತೈತಿ, ಕೇಳ್" ಎಂದರು.

"ಮಿಸರ ದೇಶದಾಗ, ಅಂದ್ರ ಈಜಿಪ್ಟಿನ್ಯಾಗ, ಒಬ್ಬ ರಾಜ ಇದ್ದ. ನಮ್ಮ ಮಂದಿ ಅಲ್ಲಿ ಅವನ ಆಳಾಗಿ ಇಟ್ಟಂಗಿ ಹೊರ್ತಿದ್ರು. ಹೊತ್ರೂ ಸಾಯಲಿಲ್ಲ, ಹೆಚ್ಚಾಗಾಕತ್ರು. ರಾಜಗ ಅಂಜಿಕಿ ಆತು. ಅಷ್ಟ್ ದೊಡ್ಡ ರಾಜ, ಅಂಜಿದ್ದು ಯಾರಿಗೆ? ಕೂಸುಗೋಳಿಗೆ. ಇಬ್ಬರು ಸೂಲಗಿತ್ತೇರನ್ನ ಕರಿಸಿ ಹುಕುಂ ಮಾಡಿದ. ಗಂಡು ಹುಟ್ಟಿದ್ರ ಹೆರಿಗಿ ಕಲ್ಲಿನ ಮ್ಯಾಲೇ ಕೊಂದು ಹಾಕ್ರಿ ಅಂದ."

"ಅವರು ಎಂತ ಮಾಡಿದ್ರು?"

"ದೇವರಿಗೆ ಅಂಜಿದ್ರು. ಅಷ್ಟ ಬರದೈತಿ."

ನನಗೆ ಅರ್ಥವಾಗಲಿಲ್ಲ. ನಾನೂ ಅಂಜಿದ್ದೆನಲ್ಲ, ಆ ಅಂಜಿಕೆಯಿಂದಲೇ ಅಲ್ಲವೇ ಆಕೆ ಮೋರಿಯ ಪಕ್ಕ ಹೆತ್ತದ್ದು? ಹಾಗೆಂದೇ ಹೇಳಿದೆ.

ಆಯಿ ತಲೆಯಾಡಿಸಿದರು. "ನೀ ಅಂಜಿದ್ದು ಸಾಹೇಬಗ. ಆ ಅಂಜಿಕಿ ಮನಷ್ಯಾನ್ನ ಸಣ್ಣ ಮಾಡ್ತೈತಿ. ಕೂಸಿನ ತಲಿ ಹೊರಗ ಬರೂ ಹೊತ್ತಿನಾಗ ನಿನ್ನ ಎದ್ಯಾಗ ಒಂದ್ ನಮೂನಿ ಆಗ್ತೈತಲ್ಲ? ಉಸಿರ ಹಿಡೀತೈತಲ್ಲ? ಇಪ್ಪತ್ತ್ ವರ್ಷ ಮಾಡಿಸಿದೆ, ಒಂದಿನಾನೂ ನನಗ ಅದು ತಪ್ಪಲಿಲ್ಲ. ಆ ಅಂಜಿಕಿ ಅದು."

ನನಗೆ ಗೊತ್ತಿತ್ತು. ತರಬೇತಿಯಲ್ಲಿ ಮೊದಲ ಹೆರಿಗೆ ನೋಡಿದ ದಿನವೇ ಗೊತ್ತಾಗಿತ್ತು. ಆ ಕ್ಷಣ ಬರುವಾಗ ಕೋಣೆಯಲ್ಲಿ ಇರುವವರೆಲ್ಲ ಸುಮ್ಮನಾಗುತ್ತಾರೆ, ಗದರುವ ಹಿರಿಯ ದಾದಿಯೂ. ಅದಕ್ಕೊಂದು ಹೆಸರುಂಟೆಂದು, ಅದು ದೇವರ ಭಯವೆಂದು, ಸಾವಿರಾರು ವರ್ಷ ಹಿಂದೆ ನನ್ನದೇ ಕೆಲಸ ಮಾಡುತ್ತಿದ್ದ ಇಬ್ಬರು ಹೆಂಗಸರು ಅದನ್ನು ನೆಚ್ಚಿ ರಾಜನ ಮಾತನ್ನು ಮೀರಿದರೆಂದು ಕೇಳಿ ನನ್ನ ಮೈ ಜುಮ್ಮೆಂದಿತು.

"ಆ ರಾಜನ ಹೆಸರು ಎಂತ ಆಯಿ?"

"ಬರದಿಲ್ಲ. ಬರೇ ರಾಜ. ಆದ್ರ ಆ ಇಬ್ಬರು ಸೂಲಗಿತ್ತೇರ ಹೆಸರು ಬರದಿಟ್ಟಾರ." ಆ ಎರಡು ಹೆಸರುಗಳನ್ನು ಹೇಳಿ, ಹಿರಿಯರು ಅವಕ್ಕೆ ಕೊಟ್ಟ ಅರ್ಥವನ್ನೂ ಹೇಳಿದರು. ಒಬ್ಬಳದು, ಹುಟ್ಟಿದ ಕೂಸನ್ನು ಒರೆಸಿ ನೆಟ್ಟಗೆ ಮಾಡಿ ಚಂದ ಮಾಡುವವಳು ಎಂದು. ಇನ್ನೊಬ್ಬಳದು, ಕೂಸಿನ ಕಿವಿಯ ಹತ್ತಿರ ಬಾಯಿಟ್ಟು ಕೂ ಕೂ ಎಂದು ಮಾತಾಡಿಸುವವಳು ಎಂದು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರಾಜ ಅವರನ್ನು ಕರೆಸಿ ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದನಂತೆ. ಇವರು, ಆ ಹೆಂಗಸರು ಬಹಳ ಗಟ್ಟಿ, ನಾವು ಹೋಗುವಷ್ಟರಲ್ಲಿ ಹೆತ್ತಿರುತ್ತಾರೆ ಎಂದರಂತೆ. ಅದನ್ನು ಹೇಳುವಾಗ ಆಯಿಗೆ ನಗು ತಡೆಯಲಾಗಲಿಲ್ಲ. ಮೇಜಿನ ಬಳಿಯಿದ್ದ ಗಂಡನೂ ಪುಸ್ತಕದಿಂದ ತಲೆಯೆತ್ತದೆ ನಕ್ಕರು. ಆಮೇಲೆ ಆಯಿ ಗಂಭೀರವಾದರು.

"ಇನ್ನೊಂದ್ ಮಾತೈತಿ. ರಾಜ ಹೇಳಿದ್ಹಾಂಗ ಮಾಡಲಿಲ್ಲ, ಕೂಸುಗೋಳನ್ನ ಬದುಕಿಸಿದ್ರು ಅಂತ ಬರದೈತಿ. ನಮ್ಮ ಹಿರ್ಯಾರು ಕೇಳಿದ್ರು, ಕೊಲ್ಲಲಿಲ್ಲ ಅಂದ್ರ ಸಾಕಾಗಿತ್ತು, ಬದುಕಿಸಿದ್ರು ಅಂತ ಮತ್ತ ಯಾಕ ಬರೀಬೇಕಿತ್ತು? ಯಾಕಂದ್ರ ಅವರು ಹೆರಿಗಿ ಮಾಡಿಸಿ ಮನಿಗೆ ಹೋಗಿ ಮಲಗಲಿಲ್ಲ. ಇದ್ದವರ ಮನಿಗೆ ಹೋಗಿ ನೀರು, ಅನ್ನ ಕೇಳಿ ತಂದು ಇಲ್ಲದ ಬಾಣಂತೇರಿಗೆ ಕೊಟ್ರು." ನನ್ನ ಕಡೆ ತಿರುಗಿ ಕೇಳಿದರು, "ನೀ ಕಳಿಸಿದಾಕಿ ಈಗ ಹೆಂಗದಾಳ?"

"ಗೊತ್ತಿಲ್ಲ."

"ಮುಂಜಾನೆ ಹೋಗೂಣು."

"ನಾಳೆ ಶನಿವಾರ ಅಲ್ವಾ ಆಯಿ?"

"ಗೊತ್ತೈತಿ," ಎಂದು ಅವರು ಎದ್ದರು.

ಬೆಳಿಗ್ಗೆ ಅವರು ಸಿದ್ಧವಾಗಿ ನಿಂತಿದ್ದರು. ಹಿಂದಿನ ದಿನ ಮಾಡಿಟ್ಟ ಅಡಿಗೆಯೆಲ್ಲ ಒಂದು ಡಬ್ಬದಲ್ಲಿ, ಒಗೆದ ಹಳೆಯ ಹತ್ತಿ ಸೀರೆಗಳು ಚೀಲದಲ್ಲಿ. ಗಂಡನಿಗೆ ಮರಾಠಿಯಲ್ಲಿ ಎರಡು ಮಾತು ಹೇಳಿದರು. ಅವರು ಪುಸ್ತಕದ ಮೇಲೆ ಕೈಯಿಟ್ಟು, ಹೋಗು ಎಂಬಂತೆ ತಲೆಯಾಡಿಸಿದರು. ಆಯಿ ಬಾಗಿಲ ಚೌಕಟ್ಟಿನ ಗೂಡನ್ನು ಮುಟ್ಟಿ ಬೆರಳಿಗೆ ಮುತ್ತಿಟ್ಟು ರಸ್ತೆಗೆ ಬಂದರು. ಶನಿವಾರ ಬೆಂಕಿಕಡ್ಡಿ ಗೀರದ ಹೆಂಗಸು ಬಸ್ಸಿನ ಕಂಬಿ ಹಿಡಿದು ಮೇಲೆ ಹತ್ತಿದ್ದನ್ನು ನಾನು ನೋಡಿದೆ. ಎದುರುಮನೆಯ ಅಜ್ಜಿ ಅಂಗಳದಲ್ಲಿ ಕಸಬರಿಕೆ ಹಿಡಿದವರು ಹಾಗೆಯೇ ನಿಂತರು.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ, "ನಿಮಗೆ ಪಾಪ ಬರುದಿಲ್ವಾ ಆಯಿ?"

"ಜೀವ ಉಳಿಸೂದು ಶನಿವಾರಕ್ಕಿಂತ ದೊಡ್ಡದು. ಅದನ್ನೂ ಆ ದೇವರ ಹೇಳ್ಯಾನ."

"ಅವಳಿಗೆ ಎಂತದೂ ಆಗಿರ್ಲಿಕ್ಕಿಲ್ಲ."

"ರಸ್ತೆ ಮಣ್ಣಾಗ ಹಡದಾಳ. ಇವತ್ತು ನಂಜು ಏರೂ ದಿನ. ಇಲ್ಲ ಅಂತ ಕಣ್ಣಿಲೆ ಕಾಣೂತನಕ ಐತಿ ಅಂತನ ತಿಳೀಬೇಕು."

ಮೋರಿಯ ಬಳಿ ಇಳಿದು ದಾರಿ ಕೇಳಿಕೊಂಡು ಗುಡ್ಡ ಹತ್ತಿದೆವು. ಆಯಿ ಬೆನ್ನು ಹಿಡಿದುಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಮತ್ತೆ ಹತ್ತುತ್ತಿದ್ದರು. ಮನೆಯ ಅಂಗಳದಲ್ಲಿ ಅತ್ತೆ ನನ್ನನ್ನು ಗುರುತು ಹಿಡಿದರು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರು ತುಳುವಿನಲ್ಲಿ, "ಬನ್ನಿ ಅಮ್ಮ, ಬಿಸಿಲಿಗೆ ಬಂದಿದ್ದೀರಿ, ಕೂತುಕೊಳ್ಳಿ" ಎಂದು ಚಾಪೆ ಬಿಡಿಸಿ, ಬೆಲ್ಲ ನೀರು ತಂದಿಟ್ಟರು. ನಾನು ಲೋಟವನ್ನು ಹಾಗೆಯೇ ಚಾಪೆಯ ಬದಿಗಿಟ್ಟೆ.

ಒಳಗೆ ಬಾಣಂತಿ ಮಲಗಿದ್ದಳು. ಪಕ್ಕದಲ್ಲಿ ಹೆಣ್ಣು ಕೂಸು, ಚೆನ್ನಾಗಿತ್ತು. ಆಯಿ ಬಾಣಂತಿಯ ಹಣೆ ಮುಟ್ಟಿದರು, ಹೊಟ್ಟೆ ಮುಟ್ಟಿದರು, ಬಗ್ಗಿ ಮೂಸಿದರು. ನನ್ನ ಕೈ ಹಿಡಿದು ಅವಳ ಹೊಟ್ಟೆಯ ಮೇಲಿಟ್ಟರು. ಕಾದ ಹಂಚಿನ ಹಾಗೆ ಸುಡುತ್ತಿತ್ತು. ನಾನು ಬುಧವಾರ ಮುಟ್ಟದ ಹೊಟ್ಟೆ ಅದು.

"ನಂಜು ಏರೈತಿ. ಎತ್ರಿ," ಎಂದರು ಆಯಿ.

ಅಕ್ಕಪಕ್ಕದವರು ಸೇರಿ ಕುರ್ಚಿಯೊಂದಕ್ಕೆ ಬಿದಿರು ಕಟ್ಟಿ ಅವಳನ್ನು ಹೊತ್ತು ರಸ್ತೆಗೆ ಇಳಿಸಿದರು. ಮುಂದಿನ ಬಸ್ಸಿಗೆ ಗಂಟೆಗಟ್ಟಲೆ ಕಾಯಬೇಕಿತ್ತು. ದೂರದಿಂದ ರೈಲ್ವೆ ಕೆಲಸದ ಜಲ್ಲಿ ಲಾರಿಯೊಂದು ಬಂತು. ಆಯಿ ರಸ್ತೆಯ ನಡುಮಧ್ಯ ಹೋಗಿ ಎರಡೂ ಕೈ ಎತ್ತಿ ನಿಂತರು. ಲಾರಿ ಧೂಳೆಬ್ಬಿಸಿ ಅವರ ಮುಂದೆ ನಾಲ್ಕು ಮಾರು ದೂರದಲ್ಲಿ ನಿಂತಿತು. ಚಾಲಕನಿಗೆ ಅವರ ಗುರುತಿತ್ತು. "ಅಮ್ಮ, ಇವತ್ತು ಶನಿವಾರ ಅಲ್ವಾ?" ಎಂದು ಅವನೂ ಬಾಯಿ ಬಿಟ್ಟ.

"ಹೌದಪಾ, ಶನಿವಾರ. ಬಾಗಲಾ ತೆಗಿ," ಎಂದರು.

ಪುತ್ತೂರಿನ ಆಸ್ಪತ್ರೆಯಲ್ಲಿ ಪೆನಿಸಿಲಿನ್ ಕೊಟ್ಟರು. ಎರಡು ದಿನ ಜ್ವರ ಇಳಿಯಲಿಲ್ಲ. ಮೂರನೆಯ ದಿನ ಅವಳು ಕಣ್ಣು ಬಿಟ್ಟು ಗಂಜಿ ಕೇಳಿದಳು. ನಾನು ಅವಳ ಮಂಚದ ಬದಿಯಲ್ಲಿ ಕೂತು, ತಪ್ಪಾಯಿತು ಎಂದೆ. ನನ್ನ ಮುಖವನ್ನೇ ನೋಡಿ, "ನೀವಾದ್ರೂ ಎಂತ ಮಾಡುದು ಅಮ್ಮ, ನಿಮಗೂ ಮೇಲಿನವರು ಉಂಟಲ್ಲ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆಯಲು ಬಹಳ ಕಷ್ಟವಾಯಿತು.

ಎರಡು ವಾರ ಕಳೆದಿರಬಹುದು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ರೈಲು ಹಳಿಯ ಮಣ್ಣಿನ ಕೆಲಸಕ್ಕೆ ಬಳ್ಳಾರಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳನ್ನು ಅವಳ ಜೊತೆಯವರು ಕರೆತಂದರು. ತಲೆಯ ಮೇಲೆ ಬುಟ್ಟಿ ಇದ್ದಾಗಲೇ ನೋವು ಬಂದಿತ್ತು, ಕೂದಲಿನಲ್ಲೆಲ್ಲ ಕೆಂಪು ಮಣ್ಣು. ಮೂರನೆಯದು. ಗುಮಾಸ್ತ ಎದ್ದು ಬಂದು ಸ್ಟೂಲಿನ ಮೇಲಿದ್ದ ಶಾಯಿಯ ಡಬ್ಬಿಯ ಮುಚ್ಚಳ ತೆಗೆದ.

ನಾನು ಅವಳ ತೋಳು ಹಿಡಿದು ಹೊಟ್ಟೆ ಮುಟ್ಟಿದೆ. "ತಲೆ ಕಾಣ್ತಾ ಉಂಟು! ಬಿಡಿ, ದಾರಿ ಬಿಡಿ!" ಎಂದು ಕೂಗಿದೆ. ತಲೆ ಕಾಣುತ್ತಿರಲಿಲ್ಲ. ಇನ್ನೂ ಎರಡು ಗಂಟೆಯಾದರೂ ಬೇಕಿತ್ತು. ನನ್ನ ಸ್ವರ ಕೇಳಿ ಗುಮಾಸ್ತ ಹಿಂದೆ ಸರಿದ. ಅವಳನ್ನು ಹೆರಿಗೆ ಕೋಣೆಗೆ ನುಗ್ಗಿಸಿ ಒಳಗಿನಿಂದ ಚಿಲಕ ಹಾಕಿದೆ.

ಆ ಎರಡು ಗಂಟೆಯನ್ನು ಹೇಗೆ ವಿವರಿಸಲಿ? ಹೊರಗೆ ಗುಮಾಸ್ತನ ಚಪ್ಪಲಿಯ ಸದ್ದು ಬಾಗಿಲವರೆಗೆ ಬಂದು ಹಿಂದೆ ಹೋಗುತ್ತಿತ್ತು. ಒಳಗೆ ನಾವಿಬ್ಬರೇ. ಕೂಗಬೇಡ ಎಂದು ಹೇಳಿದರೆ ಅವಳಿಗೆ ಕಷ್ಟ, ಕೂಗಿದರೆ ನನಗೆ ಒಳ್ಳೆಯದು, ಈಗ ಹೆರುತ್ತಾಳೆ ಎಂದು ಹೊರಗಿನವರು ನಂಬಬೇಕಲ್ಲ! "ಕೂಗವ್ವ" ಎಂದು ಆಯಿಯ ಭಾಷೆಯಲ್ಲಿ ಹೇಳಿದೆ. ಅವಳು ನೋವಿನಲ್ಲೂ ನನ್ನನ್ನು ವಿಚಿತ್ರವಾಗಿ ನೋಡಿ ಕೂಗಿದಳು. ಮರದ ಕೊಳವೆಯನ್ನು ಅವಳ ಹೊಟ್ಟೆಗೆ ಇಟ್ಟು ಕಿವಿ ಹಚ್ಚಿದರೆ ಕೂಸಿನ ಎದೆ ಟಿಕ್ ಟಿಕ್ ಟಿಕ್ ಎಂದು ಓಡುತ್ತಿತ್ತು. ಈ ಸದ್ದಿಗೆ ಹೊರಗಿನ ಫಾರಮಿನ ಸುದ್ದಿಯೇ ಗೊತ್ತಿಲ್ಲ ಎನಿಸಿತು. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅದು ಮಂಚದ ಕಾಲಿನಿಂದ ಗೋಡೆಯ ಬುಡದವರೆಗೆ ಸರಿಯುವುದನ್ನು ನೋಡುತ್ತ ಕೂತೆ.

ಆಮೇಲೆ ನಿಜಕ್ಕೂ ತಲೆ ಕಂಡಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಬಿಡಿಸಿದೆ. ಕೂಸು ಜಾರಿ ಕೈಗೆ ಬಂತು, ಗಂಡು, ನೀಲಿ ಬಣ್ಣ. ಅಳಲಿಲ್ಲ. ಬಾಯಿ ಒರೆಸಿದೆ, ರಬ್ಬರ್ ನಳಿಕೆಯಿಂದ ಕಫ ಎಳೆದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ಹೊಡೆದೆ. ಇಲ್ಲ. ತಾಯಿ ಕೂಗುವುದನ್ನು ನಿಲ್ಲಿಸಿದ್ದಳು. ಕಲಿತದ್ದೆಲ್ಲ ಮುಗಿದಿತ್ತು. ಬಾಯಿಗೆ ಬಾಯಿಟ್ಟು ಮೆಲ್ಲಗೆ ಉಸಿರೂದಿದೆ. ನಡುನಡುವೆ ನನಗೇ ತಿಳಿಯದೆ ಅದರ ಕಿವಿಯಲ್ಲಿ ಮಾತಾಡುತ್ತಿದ್ದೆ. "ಬಾ ಪುಟ್ಟ, ಬಾ, ಕೂ, ಕೂ, ಬಾ ಮಗ." ಎಷ್ಟು ಹೊತ್ತೋ ಗೊತ್ತಿಲ್ಲ. ಕೂಸಿನ ಎದೆ ಒಮ್ಮೆ ಒಳಗೆ ಸೆಳೆಯಿತು. ಮತ್ತೊಮ್ಮೆ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸ್ವರ. ಆಮೇಲೆ ಅಳು. ನನ್ನ ಅಂಗೈಯಲ್ಲೇ ಆ ನೀಲಿ ಕರಗಿ, ಎದೆಯಿಂದ ಶುರುವಾಗಿ ಬೆರಳತುದಿಯವರೆಗೆ ಕೆಂಪು ಹರಿಯಿತು. ಬೆಳಗಾಗುವುದನ್ನು ಯಾರಾದರೂ ಕೈಯಲ್ಲಿ ಹಿಡಿದಿದ್ದಾರೆಯೇ? ನಾನು ಹಿಡಿದಿದ್ದೇನೆ. ಕೂಸನ್ನು ತಾಯಿಯ ಎದೆಯ ಮೇಲಿಟ್ಟು ನೆಲದ ಮೇಲೆ ಕೂತುಬಿಟ್ಟೆ. ಆ ಹೆಂಗಸು ಮಂಚದ ಮೇಲಿನಿಂದ ಕೈಚಾಚಿ ನನ್ನ ತಲೆ ಸವರಿದಳು. ಹೆತ್ತವಳು ಅವಳು, ಸಮಾಧಾನ ನನಗೆ.

ಸಂಜೆ ಡಾಕ್ಟರು ಕರೆಸಿದರು. ಮೇಜಿನ ಮೇಲೆ ಖಾಲಿ ಫಾರಮು ಇತ್ತು.

"ಎರಡು ಗಂಟೆ ಬಾಗಿಲು ಹಾಕಿದ್ದಿರಂತೆ. ಹೆಬ್ಬೆಟ್ಟು ಯಾಕೆ ತಕ್ಕೊಳ್ಳಲಿಲ್ಲ?"

"ಬರುವಾಗಲೇ ಹೆರುವ ಹಾಗೆ ಇತ್ತು ಸಾರ್."

"ಮುಂದೆಯೂ ಎಲ್ಲರೂ ಹೀಗೆಯೇ ಬರ್ತಾರಾ?"

"ಈ ಕಡೆಯ ಹೆಂಗಸರು ಗಟ್ಟಿ ಸಾರ್. ಗುಡ್ಡ ಹತ್ತಿ ಇಳಿದು ಅಭ್ಯಾಸ. ನಾವು ನೋಡುವಷ್ಟರಲ್ಲಿ ಹೆತ್ತಿರ್ತಾರೆ." ಹೇಳಿದ ಮೇಲೆಯೇ ಇದು ಯಾರ ಮಾತೆಂದು ನೆನಪಾಗಿ ಮೇಜಿನ ಅಂಚು ಹಿಡಿದುಕೊಂಡೆ. ರಾಜನ ಮುಂದೆ ನಿಂತ ಆ ಇಬ್ಬರ ಕಾಲುಗಳೂ ಹೀಗೆಯೇ ನಡುಗಿರಬೇಕು. ಅದನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಡಾಕ್ಟರು ಕಿಟಕಿಯ ಹೊರಗೆ ನೋಡಿದರು. ಅವರ ಹೆಂಡತಿಗೂ ಆಗ ದಿನ ತುಂಬುತ್ತಿತ್ತು, ಎರಡನೆಯದು. "ಹಾಗೆಯೇ ಬರೆಯಿರಿ," ಎಂದು ಫಾರಮನ್ನು ಡ್ರಾಯರಿನೊಳಗೆ ಹಾಕಿದರು. ಅಲ್ಲಿಂದ ಮುಂದೆ ನಮ್ಮ ಕೇಂದ್ರಕ್ಕೆ ಬಂದ ಹೆಂಗಸರೆಲ್ಲ ಬಹಳ ಅವಸರದಲ್ಲಿ ಹೆತ್ತರು. ಸ್ವಲ್ಪ ಕಾಲದ ನಂತರ ಡಾಕ್ಟರಿಗೆ ದೂರಕ್ಕೆ ವರ್ಗವಾಯಿತು. ಅದಕ್ಕೆ ಕಾರಣ ಇದೇ ಇರಬಹುದೆಂದು ನಾನು ಎಣಿಸುವುದುಂಟು, ಅವರು ಹೇಳಲಿಲ್ಲ. ಚುನಾವಣೆ ಬಂದು ಹೋದಮೇಲೆ ಆ ಹುಕುಂ ತಾನಾಗಿ ಸತ್ತಿತು. ಸ್ಟೂಲನ್ನು ಒಳಗೆ ತಂದು ಮದ್ದಿನ ಬಾಟಲಿ ಇಡಲು ಉಪಯೋಗಿಸಿದೆವು.

ನಾನು ಎಂದೂ ಎಣಿಸದ ಒಂದು ಸಂಗತಿ ಆಮೇಲೆ ನಡೆಯಿತು. ಮುಂದಿನ ವರ್ಷ ಗುಡ್ಡದ ಮನೆಯ ಆ ಹೆಂಗಸು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗಂಡನನ್ನೂ ಕರೆದುಕೊಂಡು ಕೇಂದ್ರಕ್ಕೆ ಬಂದಳು. "ಇನ್ನು ಮಕ್ಕಳು ಬೇಡಾಂತ ಮಾತಾಡಿಕೊಂಡೆವು. ಆಪರೇಷನ್ ಎಲ್ಲಿ ಮಾಡುದು ಅಮ್ಮ?" ಎಂದಳು. ನಾನು ದಂಗಾಗಿ ನೋಡಿದೆ. "ಆವತ್ತೇ ಬೇಡ ಅಂತ ನಾನು ಹೇಳ್ಲಿಲ್ಲ. ಅವರನ್ನು ಕೇಳ್ಬೇಕು ಅಂದದ್ದಷ್ಟೆ," ಎಂದು ಅವಳು ನಕ್ಕಳು. ಜೊತೆಯಲ್ಲಿ ನಾನೇ ಪುತ್ತೂರಿಗೆ ಹೋದೆ. ಅವಳು ಮಂಚದ ಮೇಲಿದ್ದಷ್ಟು ಹೊತ್ತೂ ಆ ಕೂಸು ನನ್ನ ಹೆಗಲ ಮೇಲೆ ನಿದ್ದೆ ಮಾಡಿತು.

ಆಯಿಗೆ ಇದನ್ನು ಹೇಳಿದಾಗ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಳಿಯ ಕೆಲಸ ಮುಗಿದಮೇಲೆ ಅವರು ಹುಬ್ಬಳ್ಳಿಗೆ ಹಿಂದಿರುಗಿ, ಅಲ್ಲಿಂದ ಮಗಳ ಜೊತೆ ಇಸ್ರೇಲಿಗೆ ಹೋದರು. ಒಂದೇ ಒಂದು ಕಾಗದ ಬಂತು. ಅಲ್ಲಿ ಹುಬ್ಬಳ್ಳಿಯ ಕನ್ನಡ ಆಡಲು ಯಾರೂ ಇಲ್ಲವೆಂದು, ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯವರು ತಮ್ಮನ್ನು ಒಳಗೆ ಬಿಡಲಿಲ್ಲವೆಂದು ಯಾರದೋ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿದ್ದರು. ನಾನು ಬರೆದ ಉತ್ತರ ತಲುಪಿತೋ ಇಲ್ಲವೋ ತಿಳಿಯದು.

ಎಂಬತ್ತರ ದಶಕದಲ್ಲಿ ನನಗೆ ಸುಳ್ಯದ ಕೊಲ್ಲಮೊಗ್ರಿನ ಕಡೆಗೆ ವರ್ಗವಾಯಿತು. ಕಾಡಿನಂಚಿನ ಊರು. ಅಲ್ಲಿ ಅರೆಭಾಷೆ ಮಾತಾಡುವ ಒಬ್ಬ ಮುದುಕಿ ಇದ್ದರು, ನಾನು ಹುಟ್ಟುವ ಮೊದಲಿನಿಂದ ಆ ಸುತ್ತಿನ ಹೆರಿಗೆಗಳನ್ನೆಲ್ಲ ಮಾಡಿಸುತ್ತಿದ್ದ ಸೂಲಗಿತ್ತಿ. ಸರ್ಕಾರಿ ದಾದಿ ಬಂದಳೆಂದು ಮೊದಲು ಮುಖ ಕೊಟ್ಟು ಮಾತಾಡಲಿಲ್ಲ. ನಾನೇ ಅವರ ಮನೆಗೆ ಹೋಗಿ, ಜೊತೆಯಲ್ಲಿ ಮಾಡುವ ಎಂದೆ. ಕೈಯನ್ನು ಸಾಬೂನಿನಲ್ಲಿ ತೊಳೆಯಲು, ಬ್ಲೇಡನ್ನು ಕುದಿಸಲು ನಾನು ಕಲಿಸಿದೆ. ಅಡ್ಡ ಮಲಗಿದ ಕೂಸನ್ನು ಹೊರಗಿನಿಂದಲೇ ಸವರಿ ಸವರಿ ತಿರುಗಿಸುವುದನ್ನು ಅವರು ನನಗೆ ಕಲಿಸಿದರು. ಯಾವ ತರಬೇತಿಯಲ್ಲೂ ನಾನು ಅಂಥ ಕೈ ನೋಡಿರಲಿಲ್ಲ.

ಒಂದು ಮಧ್ಯಾಹ್ನ ಹೆರಿಗೆಯ ಮನೆಯೊಂದರಲ್ಲಿ ನೋವು ನಿಧಾನವಾಗಿತ್ತು, ನಾವಿಬ್ಬರೂ ಅಂಗಳದಲ್ಲಿ ಕಾಯುತ್ತ ಕೂತಿದ್ದೆವು. ಆಗ ಅವರಿಗೆ ತೋರಾದ ಆ ಕಥೆ ಹೇಳಿದೆ. ರಾಜ, ಹುಕುಂ, ಇಬ್ಬರು ಸೂಲಗಿತ್ತಿಯರು, ಅವರು ಕೊಟ್ಟ ಉತ್ತರ, ನೀರು ಅನ್ನ ಹೊತ್ತು ತಂದದ್ದು. ಮುದುಕಿ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ ಕೇಳಿದರು. ಆಮೇಲೆ ತಮ್ಮ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡು, "ಅವು ಇಬ್ರೂ ನಮ್ಮವೇ" ಎಂದರು.

ಒಳಗಿನಿಂದ ಬಸುರಿ ಕೂಗಿದಳು. ನಾವು ಎದ್ದು ಕೈ ತೊಳೆಯಲು ಹೋದೆವು.